ಅತ್ತೆಯ ಕಂಬಳಿ ಮೇಲೆ ಸೂರ್ಯಮಂಡಲ

ಆಧುನಿಕ ಭೌತವಿಜ್ಞಾನವನ್ನು ಯಾರಿಗೆ ಬೇಕಾದರೂ ಅರ್ಥ ಮಾಡಿಸಬಹುದು, ಹೇಳುವವನು ಸರಿಯಾಗಿರಬೇಕು ಅಷ್ಟೆ ಎಂಬುದು ನನ್ನ ಗಟ್ಟಿ ನಂಬಿಕೆಯಾಗಿತ್ತು. ಆ ಸರಿಯಾದವನು ನಾನೇ ಎಂಬುದರಲ್ಲಿ ನನಗೆ ಲವಲೇಶವೂ ಅನುಮಾನವಿರಲಿಲ್ಲ. ಚಿತ್ರದುರ್ಗದ ಕಾಲೇಜೊಂದರಲ್ಲಿ ಇಪ್ಪತ್ತಾರು ವರ್ಷದಿಂದ ಪಿಯುಸಿ ಮಕ್ಕಳಿಗೆ ಫಿಸಿಕ್ಸ್ ಹೇಳುತ್ತಿದ್ದೇನೆ. ಇಷ್ಟು ವರ್ಷದಲ್ಲಿ ಒಬ್ಬನೇ ಒಬ್ಬ ವಿದ್ಯಾರ್ಥಿಯೂ ಎದ್ದು ನಿಂತು “ಅರ್ಥ ಆಗ್ಲಿಲ್ಲ ಸಾರ್” ಅಂದಿಲ್ಲ. ಎದ್ದು ನಿಲ್ಲಬೇಕಾದರೆ ಮೊದಲು ಎಚ್ಚರವಿರಬೇಕು ಎಂಬ ಸಂಗತಿ ನನಗೆ ಹೊಳೆದಿರಲಿಲ್ಲ.

ಈ ಆತ್ಮವಿಶ್ವಾಸದಲ್ಲೇ ಮೂರು ಬೇಸಿಗೆ ರಜೆಗಳನ್ನು ಬಲಿಕೊಟ್ಟು ಒಂದು ಪುಸ್ತಕ ಬರೆದೆ. ಹೆಸರು ‘ಸಲೀಸು ಸಾಪೇಕ್ಷತೆ’. ರಿಲೇಟಿವಿಟಿಯನ್ನು ವಿಜ್ಞಾನ ಓದದವರಿಗಾಗಿ ಬಿಡಿಸಿ ಬರೆದದ್ದು. ಮುನ್ನೂರ ಹನ್ನೆರಡು ಪುಟ! ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಹೇಳಿಯಾಗಿತ್ತು. ಬಿಡುಗಡೆಯ ದಿನ ಹಾಕಿಕೊಳ್ಳಲು ಒಂದು ಜುಬ್ಬವನ್ನೂ ಹೊಲಿಸಿದ್ದೆ. ರಿಟೈರ್ ಆಗುವುದರೊಳಗೆ ನನ್ನ ಹೆಸರಿರುವ ಒಂದು ಪುಸ್ತಕವನ್ನು ಕೈಯಲ್ಲಿ ಹಿಡಿಯಬೇಕು, ಹಾಳೆಯ ವಾಸನೆ ನೋಡಬೇಕು. ನನಗಿದ್ದ ಆಸೆ ಇದೊಂದೇ. ಸಣ್ಣ ಆಸೆ ಅಂತ ಹೆಂಡತಿ ಗಿರಿಜಾ ಅನ್ನುತ್ತಾಳೆ. ಅದಕ್ಕಾಗಿ ಎಷ್ಟು ಮಧ್ಯಾಹ್ನದ ನಿದ್ದೆ ಬಿಟ್ಟಿದ್ದೇನೆಂದು ಅವಳಿಗೆ ಗೊತ್ತಿಲ್ಲ.

ದುರ್ಗದಲ್ಲೇ ಒಬ್ಬ ಹಿರಿಯ ಪ್ರಕಾಶಕರಿದ್ದಾರೆ. ಹೈಸ್ಕೂಲಿನಲ್ಲೇ ವಿಜ್ಞಾನಕ್ಕೆ ದೊಡ್ಡ ನಮಸ್ಕಾರ ಹಾಕಿ ಈಚೆ ಬಂದವರು. ಹಸ್ತಪ್ರತಿ ಕೊಟ್ಟ ತಿಂಗಳಿಗೆ ಕರೆಸಿದರು.

“ಮೇಷ್ಟ್ರೇ, ಮೊದಲ್ನೇ ಅಧ್ಯಾಯ ಮೂರು ಸಲ ಓದ್ದೆ. ಅರ್ಥ ಆಗ್ಲಿಲ್ಲ. ಕನ್ನಡಕದ ತಪ್ಪಿರಬೇಕು ಅಂತ ಹೋಗಿ ಕಣ್ಣು ಪರೀಕ್ಷೆ ಮಾಡಿಸ್ಕಂಡು ಬಂದೆ. ಕಣ್ಣು ಚೆನ್ನಾಗೈತಂತೆ!”

ಹಸ್ತಪ್ರತಿಯ ಕಟ್ಟನ್ನು ನನ್ನ ಕಡೆ ಸರಿಸಿದರು.

“ಒಂದು ಕೆಲ್ಸ ಮಾಡ್ರಿ. ಸೈನ್ಸಿನ ಗಾಳಿನೂ ಸೋಕದೇ ಇರೋರು ಒಬ್ರಿಗೆ ಇದನ್ನ ಕೊಡ್ರಿ. ಓದಿ, ಅವರು ಅವರ ಮಾತಲ್ಲೇ ನನಗೆ ಒಂದೇ ಒಂದು ವಿಷ್ಯ ಬಿಡಿಸಿ ಹೇಳ್ಲಿ, ನಾನೇ ಅವರ ಮನೆಗೆ ಬಂದು ಕೇಳ್ತೀನಿ. ನನಗೆ ತಿಳೀತಾ, ಪ್ರಿಂಟಿಗೆ ಹಾಕ್ತೀನಿ. ಇಲ್ಲಾಂದ್ರೆ ಕಟ್ಟು ವಾಪಸ್ ತಗಂಡು ಹೋಗ್ರಿ, ಬೇಜಾರು ಮಾಡ್ಕಬ್ಯಾಡ್ರಿ.”

ಮನೆಗೆ ಬಂದು ಗಿರಿಜಾಳ ಮುಂದೆ ಹಸ್ತಪ್ರತಿ ಇಟ್ಟೆ. ಅವಳು ಅದನ್ನು ನನ್ನ ಕಡೆಗೇ ತಳ್ಳಿದಳು.

“ನನ್ನ ಕೈಲಾಗಲ್ಲ ಕಣ್ರೀ. ಹೋದ ವರ್ಷವೇ ಓದಕ್ಕೆ ಕುಂತಿದ್ದೆ. ನಾಲ್ಕನೇ ಪುಟಕ್ಕೆ ಕಣ್ಣು ಮುಚ್ಚಿಹೋಯ್ತು. ಡಾಕ್ಟ್ರು ಕೊಟ್ಟ ಮಾತ್ರೆಗೂ ಅಂಥ ನಿದ್ದೆ ಬಂದಿರಲಿಲ್ಲ!”

“ಮತ್ತೆ ಯಾರಿಗೆ ಕೊಡ್ಲಿ?”

“ನಮ್ಮಮ್ಮಂಗೆ ಕೊಡ್ರಿ. ಏಳನೇ ಕ್ಲಾಸು ಓದವಳೆ. ಪೊಟ್ಟಣ ಕಟ್ಟಿದ ಪೇಪರ್ ಕೂಡ ಬಿಡದಂಗೆ ಓದ್ತಾಳೆ.”

ನನ್ನ ಅತ್ತೆ ಹನುಮಕ್ಕ ಇರುವುದು ಮದಕರಿಪುರದಲ್ಲಿ, ಮಗ ತಿಪ್ಪೇಸ್ವಾಮಿಯ ಜೊತೆ. ದುರ್ಗದಿಂದ ಬೈಕಿನಲ್ಲಿ ಸ್ವಲ್ಪ ಹೊತ್ತಿನ ದಾರಿ. ಭಾನುವಾರ ಬೆಳಗ್ಗೆ ಹೊರಟೇಬಿಟ್ಟೆವು.

“ಬರ್ರಿ ಅಳಿಯೋರೆ, ಕುಂತ್ಕಳ್ರಿ” ಎಂದು ಅತ್ತೆ ಚಾಪೆ ಹಾಸಿದರು. ಹಸ್ತಪ್ರತಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. ನನ್ನ ಸಾಪೇಕ್ಷತೆಗೆ ಸಿಕ್ಕ ಮೊದಲ ಮರ್ಯಾದೆ ಅದು. ಉತ್ಸಾಹ ತಡೆಯಲಾರದೆ ಅಲ್ಲೇ ಅವಳಿ ಮಕ್ಕಳ ಉದಾಹರಣೆ ಶುರುಮಾಡಿದೆ.

“ನೋಡಿ ಅತ್ತೆ, ಅವಳಿ ಗಂಡುಮಕ್ಕಳು. ಅಣ್ಣ ರಾಕೆಟ್ ಹತ್ತಿ ಭಾರೀ ವೇಗದಲ್ಲಿ ಹೋಗ್ತಾನೆ. ತಮ್ಮ ಊರಲ್ಲೇ ಇರ್ತಾನೆ. ಅಷ್ಟು ವೇಗದಲ್ಲಿ ಹೋಗೋನಿಗೆ ಕಾಲ ನಿಧಾನಕ್ಕೆ ಸಾಗುತ್ತೆ. ಅವನು ವಾಪಸ್ ಬಂದಾಗ ಅವನಿಗೆ ಮೂವತ್ತು ವರ್ಷ, ತಮ್ಮನಿಗೆ ಎಪ್ಪತ್ತು ವರ್ಷ!”

ಅತ್ತೆ ಬಾಯಿ ಮೇಲೆ ಕೈ ಇಟ್ಟುಕೊಂಡರು. ಆಶ್ಚರ್ಯವೆಂದು ತಿಳಿದು ನಾನು ಉಬ್ಬಿಹೋದೆ. ಅದು ಆಶ್ಚರ್ಯವಲ್ಲ, ಸಂಕಟ!

“ಹೋಗೋವಾಗ ಆ ಹುಡುಗಂಗೆ ಮದ್ವೆ ಆಗಿತ್ತಾ?”

“ಅದು ಪುಸ್ತಕದಲ್ಲಿ ಇಲ್ಲ ಅತ್ತೆ.”

“ಆಗಿದ್ರೆ ಆ ಹೆಣ್ಣುಮಗಳ ಗತಿ ಏನ್ರಿ? ಗಂಡ ಬರೋ ಹೊತ್ಗೆ ಹಲ್ಲೆಲ್ಲ ಉದ್ರಿ ಕುಂತಿರ್ತಾಳಲ್ಲ! ಇವನು ಜುಮ್ ಅಂತ ಮೀಸೆ ತಿರುವ್ಕಂಡು ಬಂದು ಇಳೀತಾನೆ.”

ಗಿರಿಜಾ ನನ್ನ ಕಡೆ ಒಂದು ನೋಟ ಬಿಟ್ಟಳು. ಆ ರಾಕೆಟ್ಟನ್ನು ನಾನೇ ಓಡಿಸಿದ ಹಾಗಿತ್ತು.

“ಹೋಗ್ಲಿ ಬಿಡ್ರಿ” ಎಂದು ಅತ್ತೆ ಮುಂದುವರಿಸಿದರು. “ಹಬ್ಬದ ದಿನ ತಮ್ಮ ಅಣ್ಣನ ಕಾಲಿಗೆ ಬೀಳ್ಬೇಕೋ, ಅಣ್ಣ ತಮ್ಮನ ಕಾಲಿಗೆ ಬೀಳ್ಬೇಕೋ? ವಯಸ್ಸಲ್ಲಿ ತಮ್ಮನೇ ದೊಡ್ಡೋನಾಗೋದ್ನಲ್ಲ!”

ಜಗತ್ತಿನ ದೊಡ್ಡ ದೊಡ್ಡ ವಿಜ್ಞಾನಿಗಳು ಈ ಅವಳಿಗಳ ಬಗ್ಗೆ ತಲೆ ಕೆಡಿಸಿಕೊಂಡಿದ್ದಾರೆ. ಯಾರು ಯಾರ ಕಾಲಿಗೆ ಬೀಳಬೇಕು ಎಂದು ಒಬ್ಬರೂ ಬರೆದಿಟ್ಟಿಲ್ಲ. “ಯೋಚನೆ ಮಾಡಿ ಹೇಳ್ತೀನಿ ಅತ್ತೆ” ಎಂದು ಎದ್ದುಬಿಟ್ಟೆ. ಬಾಗಿಲವರೆಗೆ ಬಂದ ಅತ್ತೆ, “ಅಚ್ಚು ಹಾಕೋರು ಯಾವಾಗ ಬರ್ತಾರೆ?” ಅಂದರು.

“ಮುಂದಿನ ಭಾನುವಾರ, ಹನ್ನೊಂದು ಗಂಟೆಗೆ. ಪುಸ್ತಕ ಆಗೋದು ಬಿಡೋದು ಈಗ ನಿಮ್ಮ ಕೈಲೈತೆ ಅತ್ತೆ.”

ಅತ್ತೆ ಹಸ್ತಪ್ರತಿಯನ್ನು ಎದೆಗೆ ಅವುಚಿಕೊಂಡು ನಿಂತಿದ್ದರು.

ಮರು ಭಾನುವಾರ ಒಂಬತ್ತಕ್ಕೇ ಮದಕರಿಪುರ ಸೇರಿದೆವು. ಅತ್ತೆಯ ಮುಖ ಬಾಡಿತ್ತು. “ಅರ್ಥ ಆಯ್ತಾ ಅತ್ತೆ?” ಅಂದರೆ “ಹ್ಞೂಂ ಹ್ಞೂಂ, ಕಾಫಿ ಕುಡೀರಿ” ಅನ್ನುತ್ತಾರೆ. ಎರಡನೇ ಸಲ ಕೇಳಿದರೆ “ಉಪ್ಪಿಟ್ಟು ಮಾಡ್ಲಾ?” ಎಂದರು. ಮೂರನೇ ಸಲ ಕೇಳುವಷ್ಟರಲ್ಲಿ ಹೊಲದ ಕೊಟ್ಟಿಗೆಗೆ ಹಾಲು ಕರೆಯಲು ಹೋಗಿಬಿಟ್ಟರು. ಇನ್ನು ಎರಡು ಗಂಟೆಯಲ್ಲಿ ಪ್ರಕಾಶಕರು ಬರುತ್ತಾರೆ. ಈಕೆ ಅವರಿಗೂ ಉಪ್ಪಿಟ್ಟೇ ಬಡಿಸಿದರೆ ನನ್ನ ಮೂರು ಬೇಸಿಗೆಗಳ ಗತಿ ಏನು!

ಆಗಲೇ ನನಗೆ ಆ ಮಹತ್ವದ ಯೋಚನೆ ಹೊಳೆದದ್ದು. ಬಾಯಲ್ಲಿ ಹೇಳಿದರೆ ಆಗುವುದಿಲ್ಲ, ಕಣ್ಣಿಗೇ ತೋರಿಸಬೇಕು! ಗುರುತ್ವ ಅಂದರೆ ಸೂರ್ಯ ಭೂಮಿಯನ್ನು ಹಗ್ಗ ಹಾಕಿ ಎಳೆಯುವುದಲ್ಲ. ಸೂರ್ಯನ ಭಾರಕ್ಕೆ ಅದರ ಸುತ್ತಲಿನ ಜಾಗವೇ ಬಾಗುತ್ತದೆ, ಭೂಮಿ ಆ ಬಾಗಿದ ದಾರಿಯಲ್ಲಿ ಹೋಗುತ್ತದೆ. ಇದನ್ನು ತೋರಿಸಲು ನಾಲ್ಕು ಜನ ಒಂದು ಬಟ್ಟೆಯನ್ನು ಬಿಗಿಯಾಗಿ ಹಿಡಿದು, ನಡುವೆ ಒಂದು ಭಾರ ಇಟ್ಟು, ಪಕ್ಕದಲ್ಲಿ ಗೋಲಿ ಉರುಳಿಸಿದರಾಯಿತು. ಅತ್ತೆ ಕೊಟ್ಟಿಗೆಯಿಂದ ಬರುವುದರೊಳಗೆ ಎಲ್ಲ ಸಿದ್ಧವಾಗಿರಬೇಕು!

ಹಿತ್ತಲಲ್ಲಿ ಹಳೆಯ ರುಬ್ಬುವ ಕಲ್ಲಿತ್ತು. ಮಿಕ್ಸಿ ಬಂದ ಮೇಲೆ ಅದರ ಗುಂಡು ಕೆಲಸವಿಲ್ಲದೆ ಬಿದ್ದಿತ್ತು. ಇವನೇ ಸೂರ್ಯ ಅಂದುಕೊಂಡು ಎತ್ತಿ ಅಂಗಳಕ್ಕೆ ತಂದೆ. ಸೂರ್ಯ ಇಷ್ಟು ಭಾರವಿರುತ್ತಾನೆಂದು ನಾನು ಪಾಠ ಮಾಡಿದ್ದೆನೇ ಹೊರತು ನಂಬಿರಲಿಲ್ಲ. ಸೊಂಟ ಕಳಕ್ ಎಂದಿತು. ಮಂಚದ ಮೇಲಿದ್ದ ಬೆಡ್‌ಶೀಟನ್ನು ನಾನು, ಗಿರಿಜಾ, ತಿಪ್ಪೇಸ್ವಾಮಿ ಹಿಡಿದೆವು. ಮಜ್ಜಿಗೆ ಕೇಳಲು ಬಂದಿದ್ದ ಪಕ್ಕದ ಮನೆ ಓಬಮ್ಮನನ್ನು ನಾಲ್ಕನೇ ಮೂಲೆಗೆ ನಿಲ್ಲಿಸಿದೆ. ನಡುವೆ ಗುಂಡು ಇಟ್ಟು ಎತ್ತಿದೆವು. ಪರ್ ಅಂತ ಸದ್ದಾಯಿತು. ಸೂರ್ಯ ಬೆಡ್‌ಶೀಟನ್ನು ಸೀಳಿಕೊಂಡು ನನ್ನ ಎಡಗಾಲಿನ ಹೆಬ್ಬೆರಳ ಮೇಲೆ ಅಸ್ತಮಿಸಿದ!

“ಅಯ್ಯಯ್ಯೋ, ಹೊಸಾ ಬೆಡ್‌ಶೀಟು!” ಎಂದು ಗಿರಿಜಾ ಕೂಗಿದಳು. ನನ್ನ ಹೆಬ್ಬೆರಳು ಹಳೆಯದು ನೋಡಿ, ಅದರ ಬಗ್ಗೆ ಯಾರೂ ಕೂಗಲಿಲ್ಲ.

ಗಟ್ಟಿ ಬಟ್ಟೆ ಬೇಕಲ್ಲ ಎಂದು ಕುಂಟುತ್ತಾ ಒಳಗೆ ಹೋದೆ. ದೇವರ ಕೋಣೆಯ ಗೂಟದ ಮೇಲೆ ಒಂದು ಕರಿ ಕಂಬಳಿ ಅಚ್ಚುಕಟ್ಟಾಗಿ ಮಡಿಸಿಟ್ಟಿತ್ತು. ಒಳ್ಳೆ ಕುರಿ ಉಣ್ಣೆಯದು, ಆನೆ ನಿಲ್ಲಿಸಿದರೂ ಹರಿಯುವುದಿಲ್ಲ. ಯಾರನ್ನೂ ಕೇಳದೆ ಎಳೆದುಕೊಂಡು ಬಂದೆ. ತಿಪ್ಪೇಸ್ವಾಮಿ ಮುಖ ಒಂಥರಾ ಮಾಡಿಕೊಂಡ.

“ಭಾವ, ಅದು...”

“ನೀನು ಸುಮ್ಮನೆ ಹಿಡ್ಕೊಳಯ್ಯ, ಹೊತ್ತಾಯ್ತು!”

ಕಂಬಳಿ ಹಾಸಿ, ನಡುವೆ ಗುಂಡು ಇಟ್ಟು, ನಾಲ್ಕು ಮೂಲೆ ಹಿಡಿದು ಎತ್ತಿದೆವು. ಕಂಬಳಿ ಸೊಗಸಾಗಿ ತಗ್ಗಿತು. ಒಂದು ಕೈಯಲ್ಲಿ ಮೂಲೆ ಹಿಡಿದೇ, ಬೀದಿಯ ಹುಡುಗನೊಬ್ಬನಿಂದ ಇಸಿದುಕೊಂಡಿದ್ದ ಗೋಲಿಯನ್ನು ಜೇಬಿನಿಂದ ತೆಗೆದು ಉರುಳಿಸಿದೆ. ಅದು ಒಂದು ಗೇಣು ಹೋಗಿ ಉಣ್ಣೆಯಲ್ಲಿ ಸಿಕ್ಕಿಕೊಂಡು ನಿಂತಿತು. ಇನ್ನೊಂದು ಬಿಟ್ಟೆ, ಅದೂ ನಿಂತಿತು. ನನ್ನ ಸೂರ್ಯಮಂಡಲದಲ್ಲಿ ಯಾವ ಗ್ರಹವೂ ಅಲ್ಲಾಡುವುದಿಲ್ಲ! ಸುತ್ತ ನೋಡಿದೆ. ಕೈಗೆಟಕುವ ಕಿಟಕಿಯಲ್ಲಿ ಮೂರು ನಿಂಬೆಹಣ್ಣು ಕಂಡವು. ಗುಂಡಗಿವೆ, ದಪ್ಪಗಿವೆ, ಉಣ್ಣೆಗೆ ಸಿಕ್ಕುವುದಿಲ್ಲ. ತೆಗೆದುಕೊಂಡು ಒಂದನ್ನು ಓರೆಯಾಗಿ ಬಿಟ್ಟೆ. ಅದು ಗುಂಡಿನ ಸುತ್ತ ಚೆಂದವಾಗಿ ಒಂದೂವರೆ ಸುತ್ತು ಹೊಡೆಯಿತು. ನನಗೆ ಆನಂದಬಾಷ್ಪ ಬರುವುದೊಂದು ಬಾಕಿ.

ಬೇರೆ ಯಾರಾದರೂ ಅಲ್ಲಿ ನಿಂತು ನೋಡಿದ್ದರೆ ಅವರಿಗೆ ಕಾಣುತ್ತಿದ್ದದ್ದು ಇಷ್ಟು: ಕರಿ ಕಂಬಳಿ, ಅದರ ಮೇಲೊಂದು ಗುಂಡುಕಲ್ಲು, ಸುತ್ತ ನಿಂಬೆಹಣ್ಣು. ಓಬಮ್ಮ ಅಲ್ಲೇ ನಿಂತು ನೋಡುತ್ತಿದ್ದಳು.

“ಯವ್ವೋ!” ಎಂದು ಅವಳು ಚೀರಿದ್ದು ಊರ ಬಸ್‌ಸ್ಟಾಪಿಗೆ ಕೇಳಿಸಿರಬೇಕು. “ಗದ್ದಿಗೆ ಕಂಬ್ಳಿ ಮೇಲೆ ಕಲ್ಲು ಕೂರ್ಸವ್ರೆ! ನಿಂಬೆಹಣ್ಣು ತಿರುಗುಸ್ತಾವ್ರೆ!”

“ಓಬಮ್ಮ, ಕೈ ಬಿಡಬೇಡ! ಬಿಟ್ಟರೆ ಸೂರ್ಯ ಬೀಳ್ತಾನೆ!” ಎಂದು ನಾನೂ ಚೀರಿದೆ. ಬಿದ್ದರೆ ಯಾರ ಕಾಲ ಮೇಲೆ ಬೀಳುತ್ತಾನೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಸೂರ್ಯನೇ ಬೀಳುತ್ತಾನೆಂದು ಕೇಳಿ ಅವಳು ಇನ್ನೂ ಜೋರಾಗಿ ಕೂಗಿದಳು.

ಆಮೇಲೆ ತಿಪ್ಪೇಸ್ವಾಮಿ ಪಿಸುಗುಟ್ಟಿದ: ವರ್ಷಕ್ಕೊಮ್ಮೆ ಮನೆದೇವರನ್ನು ಕೂರಿಸಲು ಹಾಸುವ ಗದ್ದಿಗೆಯ ಕಂಬಳಿ ಅದು. ಅದರ ಮೇಲೆ ಏನು ಕೂರಿಸಿದರೂ ದೇವರ ಲೆಕ್ಕ. ಕೂರಿಸಿದ ಮೇಲೆ ಪೂಜೆಯಾಗದೆ ಎತ್ತುವ ಹಾಗಿಲ್ಲ!

“ಮೊದ್ಲೇ ಹೇಳಬಾರದಾಗಿತ್ತಾ?”

“ಹೇಳಕ್ಕೆ ಬಿಟ್ರಾ ಭಾವ?”

ಅಷ್ಟರಲ್ಲಿ ಬೀದಿಗೆ ಬೀದಿಯೇ ಅಂಗಳಕ್ಕೆ ಬಂತು. ಅರ್ಧ ಜನಕ್ಕೆ ಇದು ಮಾಟ, ಅರ್ಧ ಜನಕ್ಕೆ ದೇವರು. ಮಾಟ ಅಂದವರು ಬಾಗಿಲಾಚೆ ನಿಂತರು. ದೇವರು ಅಂದವರು ಒಳಗೆ ನುಗ್ಗಿ ಗುಂಡಿಗೆ ಅರಿಶಿನ ಕುಂಕುಮ ಇಟ್ಟರು. ಯಾರೋ ಸೇವಂತಿಗೆ ಹಾರ ಹಾಕಿದರು. “ಇದು ಬಾಗಿದ ದೇಶಕಾಲ ಕಣ್ರಪ್ಪ, ಸಾಮಾನ್ಯ ಸಾಪೇಕ್ಷತಾ ಸಿದ್ಧಾಂತ!” ಎಂದು ನಾನು ಗಂಟಲು ಹರಿದುಕೊಂಡೆ. ಒಬ್ಬ ಮುದುಕ ಭಕ್ತಿಯಿಂದ ಕೈ ಮುಗಿದ. “ಮೇಷ್ಟ್ರು ಸಂಸ್ಕೃತದಾಗೆ ಮಂತ್ರ ಹೇಳ್ತಾವ್ರೆ, ಸುಮ್ಕಿರ್ರಿ!”

ಆ ಗುಂಪಿನಲ್ಲಿ ಈರಣ್ಣ ಎಂಬೊಬ್ಬನಿದ್ದ. ಅವನ ಎಮ್ಮೆ ಎರಡು ದಿನದಿಂದ ನಾಪತ್ತೆಯಂತೆ. ಗುಂಡಿನ ಮುಂದೆ ನಿಂತು, “ಎಮ್ಮೆ ಸಿಗಂಗಿದ್ರೆ ಬಲಕ್ಕೆ ಅಪ್ಪಣೆ ಕೊಡಪ್ಪ” ಎಂದು ಕಣ್ಣು ಮುಚ್ಚಿದ. ಅಷ್ಟು ಹೊತ್ತು ಕಂಬಳಿ ಹಿಡಿದು ನನ್ನ ತೋಳು ನಡುಗುತ್ತಿತ್ತು. ನನ್ನ ಮೂಲೆ ಚೂರು ಕೆಳಗೆ ಜಾರಿತು. ನಿಂಬೆಹಣ್ಣು ಮೆಲ್ಲಗೆ ಬಲಕ್ಕೆ ಉರುಳಿತು.

“ಕೊಟ್ಟ! ಬಲಕ್ಕೇ ಕೊಟ್ಟ!” ಎಂದು ಜನ ಕೂಗಿದರು. ಟಣ್ ಎಂದು ಒಂದು ತೆಂಗಿನಕಾಯಿ ಒಡೆಯಿತು. ಆ ಎಮ್ಮೆ ಸಾಯಂಕಾಲ ತಾನಾಗಿಯೇ ಮನೆಗೆ ಬಂತೆಂದು ಆಮೇಲೆ ತಿಳಿಯಿತು. ಇದರಿಂದ ವಿಜ್ಞಾನಕ್ಕಾದ ಹಾನಿ ಅಷ್ಟಿಷ್ಟಲ್ಲ.

ಪ್ರಕಾಶಕರು ಸ್ಕೂಟರಿನಲ್ಲಿ ಬಂದಿಳಿದದ್ದು ಸರಿಯಾಗಿ ಆಗಲೇ. ಬಾಗಿಲಲ್ಲಿ ಯಾರೋ ಅವರಿಂದ ಚಪ್ಪಲಿ ಬಿಡಿಸಿದರು, ಹಣೆಗೆ ಕುಂಕುಮ ಇಟ್ಟರು. ಅವರು ನಿಧಾನವಾಗಿ ಗುಂಡುಕಲ್ಲು ನೋಡಿದರು, ಹಾರ ನೋಡಿದರು, ಬೆವರಿನಲ್ಲಿ ಮಿಂದ ನನ್ನನ್ನು ನೋಡಿದರು.

“ಮೇಷ್ಟ್ರೇ, ಇದು ಎಷ್ಟನೇ ಅಧ್ಯಾಯ?”

ಮುಗಿಯಿತು, ಪುಸ್ತಕ ಮುಗಿಯಿತು ಅನ್ನಿಸಿತು. ಜುಬ್ಬ ನೆನಪಾಯಿತು.

ಕೊಟ್ಟಿಗೆಯಿಂದ ಅತ್ತೆ ಬಂದದ್ದು ಆಮೇಲೆ, ಕೈಯಲ್ಲಿ ಹಾಲಿನ ಚೊಂಬು. ಗುಂಪು ದಾರಿ ಬಿಟ್ಟಿತು. ತಮ್ಮ ಗದ್ದಿಗೆಯ ಕಂಬಳಿ, ಅದರ ಮೇಲೆ ತಮ್ಮದೇ ರುಬ್ಬುವ ಗುಂಡು ಕಂಡು ಒಂದು ಗಳಿಗೆ ಕಲ್ಲಾದರು. ನಾನು ತಲೆ ತಗ್ಗಿಸಿದೆ.

“ತಪ್ಪಾಯ್ತು ಅತ್ತೆ. ನಿಮಗೆ ಅರ್ಥ ಆಗಲಿ ಅಂತ...”

ಅತ್ತೆ ಕಂಬಳಿಯ ಹತ್ತಿರ ಬಂದು ಒಂದು ನಿಂಬೆಹಣ್ಣು ಎತ್ತಿ ಮತ್ತೆ ಬಿಟ್ಟರು. ಅದು ಸುತ್ತು ಹೊಡೆದು ಗುಂಡಿಗೆ ಒರಗಿತು. ಇನ್ನೊಮ್ಮೆ ಬಿಟ್ಟರು. ಮೂರನೇ ಸಲಕ್ಕೆ ಅವರ ಮುಖ ಅರಳಿತು.

“ಓ! ಇದಾ ಅಳಿಯೋರೆ ನೀವು ಆರನೇ ಅಧ್ಯಾಯದಾಗೆ ಬರ್ದಿರಾದು?”

ಆಮೇಲೆ ಜನರ ಕಡೆ ತಿರುಗಿದರು.

“ಲೇ ಓಬಿ, ಬಾಯಿ ಮುಚ್ಚೇ. ಮಾಟನೂ ಅಲ್ಲ, ಮಣ್ಣೂ ಅಲ್ಲ. ಇಲ್ನೋಡ್ರಿ ಎಲ್ರೂ. ಈ ಗುಂಡು ಸೂರ್ಯ ಅಂತ ತಿಳ್ಕಳ್ರಿ. ಈ ಹಣ್ಣು ನಮ್ಮ ಭೂಮಿ. ಗುಂಡೇನು ಹಣ್ಣಿಗೆ ಹಗ್ಗ ಕಟ್ಟೈತಾ? ಕೈ ಹಿಡ್ದು ಎಳೀತೈತಾ? ಇಲ್ಲ. ತನ್ನ ಪಾಡಿಗೆ ತಾನು ಕುಂತೈತೆ. ಅದರ ಭಾರಕ್ಕೆ ಕಂಬ್ಳಿ ತಗ್ಗಾಗೈತೆ ಅಷ್ಟೆಯ. ಹಣ್ಣೂ ಪಾಪ ನೆಟ್ಟಗೇ ಹೋಗಾಣ ಅಂತ ಹೊರಡ್ತೈತೆ. ದಾರಿನೇ ಬಾಗಿದ್ರೆ ಅದೇನ್ ಮಾಡುತ್ತೆ? ಸುತ್ತುತೈತೆ.”

“ಅದೆಂಗವ್ವ?” ಎಂದ ಈರಣ್ಣ.

“ನವಾರದ ಮಂಚದ ಮೇಲೆ ದಪ್ಪನೋರು ಒಬ್ರು ನಡುವೆ ಮಲಗಿದ್ರೆ ಪಕ್ಕದಾಗಿದ್ದೋರು ಅತ್ಲಾಗೇ ಉರುಳ್ಕಂಡು ಹೋಗಲ್ವೇನೋ? ಅವರೇನ್ ಎಳ್ಕಂಡ್ರಾ? ಮಂಚ ತಗ್ತು, ಇವರು ಉರುಳಿದ್ರು. ಸೂರ್ಯಂದೂ ಹಂಗೇಯ. ಕಣ್ಣಿಗೆ ಕಾಣ್ದಿರೋ ಕಂಬ್ಳಿ ಒಂದು ಲೋಕಕ್ಕೆಲ್ಲ ಹಾಸೈತಂತೆ. ನಮ್ಮ ಅಳಿಯೋರು ಬರ್ದವ್ರೆ.”

ಪ್ರಕಾಶಕರು ಬಾಯಿ ತೆರೆದುಕೊಂಡು ನಿಂತಿದ್ದರು. ನಾನೂ ಅಷ್ಟೆ.

“ಮತ್ತೆ ಅಳಿಯೋರೆ, ಆ ಅವಳಿ ಹುಡುಗ್ರ ವಿಷ್ಯ. ವಾರವೆಲ್ಲ ಯೋಚ್ನೆ ಮಾಡ್ದೆ. ತಮ್ಮನೇ ಕಾಲಿಗೆ ಬೀಳ್ಬೇಕು. ಗಡಿಯಾರ ನಿಧಾನಕ್ಕೆ ಓಡೀತು, ಕೂದ್ಲು ಬೆಳ್ಳಗಾಗದೆ ಇದ್ದೀತು. ಮೊದ್ಲು ಹುಟ್ಟಿದೋನು ಮೊದ್ಲು ಹುಟ್ಟಿದೋನೇ. ಯಾವ ರಾಕೆಟ್ಟು ಹತ್ತಿದ್ರೂ ಹೆತ್ತದ್ದು ಹಿಂದುಮುಂದಾಗಲ್ಲ.”

ನನ್ನ ಹನ್ನೊಂದನೇ ಅಧ್ಯಾಯದ ಸಾರ ಇದು! ಒಂದೇ ತಾವಿನಲ್ಲಿ ಒಂದಾದ ಮೇಲೊಂದು ನಡೆದ ಎರಡು ಘಟನೆಗಳ ಕ್ರಮ ಯಾರು ಎಷ್ಟು ವೇಗದಲ್ಲಿ ಹೋಗಿ ನೋಡಿದರೂ ಅದಲುಬದಲಾಗುವುದಿಲ್ಲ. ಇಷ್ಟು ಹೇಳಲು ನಾನು ಇಪ್ಪತ್ತೆರಡು ಪುಟ ತೆಗೆದುಕೊಂಡಿದ್ದೆ.

“ಪುಸ್ತಕ ಪೂರ್ತಿ ಓದಿದ್ರಾ ಅಮ್ಮ?” ಎಂದರು ಪ್ರಕಾಶಕರು.

ಅತ್ತೆ ನಾಚಿಕೊಂಡರು. “ಮೂರು ಸಲ ಓದ್ದೆ ಸ್ವಾಮಿ. ಒಂದಕ್ಷರ ತಲೆಗೆ ಹೋಗ್ಲಿಲ್ಲ. ಹೋಗ್ಲಿಲ್ಲ ಅಂದ್ರೆ ಅಳಿಯೋರು ನೊಂದ್ಕಂತಾರೆ ಅಂತ ಬಾಯಿ ಬಿಡಲಿಲ್ಲ. ಅಷ್ಟು ಕಷ್ಟಪಟ್ಟು ಬರ್ದವ್ರೆ, ನನ್ನಿಂದ ಅದು ನಿಂತೋಯ್ತದಲ್ಲ ಅಂತ ವಾರದಿಂದ ಅನ್ನ ಸೇರಿಲ್ಲ.”

ಮುನ್ನೂರ ಹನ್ನೆರಡು ಪುಟವನ್ನು ಮೂರು ಸಲ, ಅರ್ಥವಾಗದೆ, ಕೇವಲ ನನ್ನ ಮೇಲಿನ ಅಕ್ಕರೆಗೆ ಓದಿದವರು ಈ ಭೂಮಿಯ ಮೇಲೆ ಇನ್ನು ಯಾರಿದ್ದಾರೆ! ಅಂಥವರಿಗೆ ಅರ್ಥವಾಗದ ಹಾಗೆ ಬರೆದೆನಲ್ಲ ಎಂದು ನಿಜವಾಗಿಯೂ ನಾಚಿಕೆಯಾಯಿತು. ಕಣ್ಣು ಒರೆಸಿಕೊಳ್ಳೋಣವೆಂದರೆ ಎರಡೂ ಕೈಯಲ್ಲಿ ಕಂಬಳಿ!

ಅತ್ತೆ ಊದುಬತ್ತಿ ಹಚ್ಚಿ ಸೂರ್ಯನಿಗೆ ಬೆಳಗಿದರು. “ಕೂರ್ಸಿದ ಮೇಲೆ ಕೂರ್ಸಿದಂಗೆ. ಲೋಕದ ಭಾರ ಹೊತ್ತೋನಿಗೆ ಒಂದು ಊದುಬತ್ತಿ ಹಚ್ಚಿದ್ರೆ ತಪ್ಪೇನು?” ಅಂದರು. ಪ್ರಕಾಶಕರು ಕೈ ಮುಗಿದರು. ನಾನು ಮನಸ್ಸಿನಲ್ಲೇ ಮುಗಿದೆ. ಆಮೇಲೆ ಗುಂಡು ಇಳಿಯಿತು. ಭೂಮಿ, ಮಂಗಳ, ಗುರು ಮೂರನ್ನೂ ಹಿಂಡಿ, ಬೆಲ್ಲ ಹಾಕಿ ಗಿರಿಜಾ ಎಲ್ಲರಿಗೂ ಪಾನಕ ಕೊಟ್ಟಳು.

ಪ್ರಕಾಶಕರು ಎರಡನೇ ಲೋಟ ಮುಗಿಸಿ ಹೇಳಿದರು: “ಪುಸ್ತಕ ಹಾಕಾಣ ಮೇಷ್ಟ್ರೇ. ಗ್ಯಾರಂಟಿ ಹಾಕಾಣ. ನೀವು ಒಂದೊಂದೇ ಅಧ್ಯಾಯ ಅಮ್ಮನಿಗೆ ತೋರ್ಸಿ ಕೊಡ್ರಿ, ಅಮ್ಮ ಹೇಳಿದ್ದನ್ನ ಹಂಗೇ ಬರ್ಕಳ್ರಿ. ನಿಮ್ದೊಂದು ಮಾತೂ ಮಧ್ಯೆ ಸೇರಿಸ್ಬ್ಯಾಡ್ರಿ!”

ಹಾಗೇ ಆಯಿತು. ಹದಿನಾಲ್ಕು ಭಾನುವಾರ ಮದಕರಿಪುರಕ್ಕೆ ಹೋದೆ. ಹದಿನಾಲ್ಕು ಅಧ್ಯಾಯ ಬರೆದುಕೊಂಡೆ. ತೊಂಬತ್ತಾರು ಪುಟದ ಪುಸ್ತಕವಾಯಿತು. ಮೊನ್ನೆ ಜುಬ್ಬ ಹಾಕಿಕೊಂಡು ಹೋಗಿ ಮೊದಲ ಪ್ರತಿಯನ್ನು ಕೈಗೆ ತೆಗೆದುಕೊಂಡೆ, ಹಾಳೆಯ ವಾಸನೆ ನೋಡಿದೆ. ಎಂಥ ಸೊಗಸಾದ ವಾಸನೆ! ಮುಖಪುಟದಲ್ಲಿ ದಪ್ಪ ಅಕ್ಷರದಲ್ಲಿ ‘ಕಂಬಳಿ ಮೇಲೆ ಸೂರ್ಯ’ ಎಂದಿದೆ. ಕೆಳಗೆ ‘ಹೇಳಿದವರು: ಹನುಮಕ್ಕ’.

ನನ್ನ ಹೆಸರಿಗಾಗಿ ಹುಡುಕಿದೆ. ಹಿಂದಿನ ರಕ್ಷಾಪುಟದಲ್ಲಿ ಇಲ್ಲ, ಬೆನ್ನಿನಲ್ಲಿ ಇಲ್ಲ. ಒಳಗೆ ಅತ್ತೆಯೇ ಹೇಳಿ ಬರೆಸಿದ ಕೃತಜ್ಞತೆಯ ಪುಟದಲ್ಲಿ, ಮಜ್ಜಿಗೆ ಕೇಳಲು ಬಂದು ಮೂಲೆ ಹಿಡಿದ ಓಬಮ್ಮನ ಕೆಳಗೆ, ಈರಣ್ಣನ ಎಮ್ಮೆಯ ಮೇಲೆ, ಕೊನೆಗೂ ಸಿಕ್ಕಿತು: ‘ಗುಂಡುಕಲ್ಲು ಹೊತ್ತು ತಂದು ಕಾಲ ಮೇಲೆ ಹಾಕಿಕೊಂಡವರು, ನಮ್ಮ ಅಳಿಯಂದಿರು.’